ಕಬಡ್ಡಿಗೂ ಚದುರಂಗಕ್ಕೂ ಒಬ್ಬನೇ ಅಂಪೈರಾ?

ಮೇಷ್ಟ್ರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಬಂದ 1997ರ ಆಲ್ಬಂಗಳ ಲೇಖನ ಓದಿ ಶಿರಸಿಯಿಂದ ನೀವು ಬರೆದ ಪತ್ರ ತಲುಪಿತು. ರಾಕ್, ರ‍್ಯಾಪ್, ಕ್ಯೂಬಾದ ಹಾಡು, ವೇದಮಂತ್ರ ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿದ್ದೀರಿ, ‘ಕಬಡ್ಡಿಗೂ ಚದುರಂಗಕ್ಕೂ ಒಬ್ಬನೇ ಅಂಪೈರಾ?’ ಅಂತ ಕೇಳಿದ್ದೀರಿ. ಕನ್ನಡದ್ದು ಒಂದೂ ಇಲ್ಲವಲ್ಲ ಅನ್ನೋದು ಎರಡನೇ ತಕರಾರು. ಅಮೆರಿಕದ ಗಿಟಾರ್ ವಾದಕ ರೇ ಕೂಡರ್ ಜೊತೆ ಮೋಹನವೀಣೆಯ ವಿಶ್ವಮೋಹನ ಭಟ್ಟರು ನುಡಿಸಿದ್ದನ್ನು ಯಾಕೆ ಬಿಟ್ಟಿರಿ ಅನ್ನೋದು ಮೂರನೆಯದು.

ಅಂಪೈರ್ ಕೆಲಸ ನಮಗೆ ಬೇಡವೇ ಬೇಡ. ಮಾಡುವವರು ಮಾಡಿ ನೋಡಿದ್ದಾರೆ. ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯಲ್ಲಿ, 1998ರಲ್ಲಿ, ವರ್ಷದ ಆಲ್ಬಂ ಪ್ರಶಸ್ತಿಗೆ ರೇಡಿಯೋಹೆಡ್ ತಂಡದ ‘ಓಕೆ ಕಂಪ್ಯೂಟರ್’, ಬಾಬ್ ಡಿಲನ್ ಅವರ ‘ಟೈಮ್ ಔಟ್ ಆಫ್ ಮೈಂಡ್’ ಎರಡೂ ಕಣದಲ್ಲಿದ್ದವು. ಡಿಲನ್ ಗೆದ್ದರು. ರೇಡಿಯೋಹೆಡ್‌ಗೆ ‘ಆಲ್ಟರ್ನೇಟಿವ್’ ವಿಭಾಗದಲ್ಲಿ ಒಂದು ಕೊಟ್ಟು ಸಮಾಧಾನ ಮಾಡಿದರು. ಕ್ಯೂಬಾದ ‘ಬ್ವೆನಾ ವಿಸ್ತಾ ಸೋಶಿಯಲ್ ಕ್ಲಬ್’ಗೆ ಲ್ಯಾಟಿನ್ ಸಂಗೀತದ ಕಡೆ ಒಂದು. ಹೀಗೆ ಖಾನೆ ಮಾಡಿ ಹಂಚಿದರೆ ಜಗಳ ಇರೋದಿಲ್ಲ, ಸರಿ. ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಿ ನೋಡಿ. ಹಾಡಿದ ಜಾಗ ಹಾಡಿನೊಳಗೇ ಕೇಳಿಸುತ್ತದೆ. ನೀವು ಹಿಂದೂಸ್ತಾನಿ ಕೇಳುವವರು. ಮನೆ ಬೈಠಕ್‌ನ ರೆಕಾರ್ಡಿಂಗಿಗೂ ಆಕಾಶವಾಣಿಯ ರೆಕಾರ್ಡಿಂಗಿಗೂ ಏನು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾ?

ಬ್ವೆನಾ ವಿಸ್ತಾ ವಿಷಯವನ್ನೇ ತಗೊಳ್ಳಿ. 1996ರ ಮಾರ್ಚ್‌ನಲ್ಲಿ ರೇ ಕೂಡರ್ ಹವಾನಾಕ್ಕೆ ಹೋದದ್ದು ಆಫ್ರಿಕಾದ ಮಾಲಿ ದೇಶದ ವಾದಕರನ್ನೂ ಕ್ಯೂಬಾದವರನ್ನೂ ಕೂರಿಸಿ ನುಡಿಸೋಕೆ. ಮಾಲಿಯವರಿಗೆ ಬರಲಾಗಲಿಲ್ಲ. ಸ್ಟುಡಿಯೋ ಗೊತ್ತು ಮಾಡಿಯಾಗಿತ್ತು. ಊರಿನ ಹಳಬರನ್ನೇ ಹುಡುಕಿದರು. ಇಬ್ರಾಹಿಂ ಫೆರರ್ ಹಾಡೋದು ಬಿಟ್ಟು ಬೂಟ್ ಪಾಲಿಶ್ ಮಾಡುತ್ತಿದ್ದರು. ಕೊಂಪಾಯ್ ಸೆಗುಂದೋಗೆ 88 ವರ್ಷ. ಪಿಯಾನೋ ನುಡಿಸುವ ರೂಬೆನ್ ಗೊನ್ಸಾಲೆಸ್‌ಗೆ 76. ಅವರ ಮನೆಯಲ್ಲಿ ಪಿಯಾನೋನೇ ಇರಲಿಲ್ಲ. ಬೆಳಿಗ್ಗೆ ಸ್ಟುಡಿಯೋ ಬೀಗ ತೆಗೆಯೋಕೆ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರಂತೆ. ತೆಗೆದ ಕೂಡಲೇ ಸೀದಾ ಪಿಯಾನೋ ಹತ್ತಿರ. ಎಗ್ರೆಮ್ ಅನ್ನುವ ಆ ಸ್ಟುಡಿಯೋ ಹಳೇ ಕಾಲದ ದೊಡ್ಡ ಹಜಾರ. ‘ಚಾನ್ ಚಾನ್’ ಹಾಡು ಹಾಕಿ, ಗಿಟಾರ್ ಹತ್ತಿರ, ಟ್ರಂಪೆಟ್ ದೂರ ನಿಂತದ್ದು ಕಿವಿಗೇ ತಿಳಿಯುತ್ತದೆ. ಕೆಲಸ ಮುಗಿದದ್ದು ಆರು ದಿನಕ್ಕೆ. ಕ್ಯೂಬಾ ಜೊತೆ ವ್ಯವಹಾರಕ್ಕೆ ಅಮೆರಿಕದ ನಿರ್ಬಂಧ ಇತ್ತಲ್ಲ, ಕೂಡರ್ ಆಮೇಲೆ ದಂಡ ಕಟ್ಟಬೇಕಾಯಿತು.

‘ಓಕೆ ಕಂಪ್ಯೂಟರ್’ ಹೆಸರು ಕೇಳಿದರೆ ಪೂರಾ ಯಂತ್ರದ ಸದ್ದು ಅನ್ನಿಸುತ್ತೆ, ಅಲ್ವಾ? ಅದರ ಹೆಚ್ಚಿನ ಭಾಗ ರೆಕಾರ್ಡ್ ಆದದ್ದು ಇಂಗ್ಲೆಂಡಿನ ಬಾತ್ ಊರಿನ ಹತ್ತಿರದ ಹಳೇ ಬಂಗಲೆಯಲ್ಲಿ. ‘ಎಕ್ಸಿಟ್ ಮ್ಯೂಸಿಕ್’ ಹಾಡಿನಲ್ಲಿ ತಂಡದ ಗಾಯಕ ಥಾಮ್ ಯಾರ್ಕ್ ದನಿಗೆ ಇರುವ ಗುಂಗು ಆ ಮನೆಯ ಕಲ್ಲಿನ ಮೆಟ್ಟಿಲುಗಳದ್ದು. ಇದಕ್ಕೂ ಮೊದಲು ಅವರು ಒಂದು ಶೆಡ್‌ನಲ್ಲಿ ಕೆಲಸ ಶುರು ಮಾಡಿದ್ದರು. ಅಲ್ಲಿ ಶೌಚಾಲಯ ಕೂಡ ಇರಲಿಲ್ಲ. ದೊಡ್ಡ ಕಂಪನಿಯ ತಂಡಕ್ಕೂ ಇಂಥ ಪಾಡು!

ಡಾಫ್ಟ್ ಪಂಕ್ ಅನ್ನುವ ಇಬ್ಬರು ಹುಡುಗರ ‘ಹೋಮ್‌ವರ್ಕ್’ ತಯಾರಾದದ್ದು ಪ್ಯಾರಿಸ್‌ನ ಒಂದು ಬೆಡ್‌ರೂಮಿನಲ್ಲಿ. ಕುಣಿಯೋಕೆ ಚೆನ್ನಾಗಿದೆ, ಕೂತು ಕೇಳೋಕೆ ನನಗಂತೂ ಸ್ವಲ್ಪ ಉದ್ದವಾಯಿತು. ರವಿಶಂಕರ್ ಅವರ ‘ಚಾಂಟ್ಸ್ ಆಫ್ ಇಂಡಿಯಾ’ ಅರ್ಧ ಚೆನ್ನೈನಲ್ಲಿ, ಅರ್ಧ ಜಾರ್ಜ್ ಹ್ಯಾರಿಸನ್ ಅವರ ಇಂಗ್ಲೆಂಡಿನ ಮನೆಯಲ್ಲಿ ಆಯಿತು. ಸಿತಾರ್ ಕೇಳೋ ಆಸೆಯಿಂದ ಕೂತರೆ ನಿರಾಸೆ, ಅಲ್ಲಿ ಮಂತ್ರವೇ ಮುಂದೆ. ಎ.ಆರ್. ರೆಹಮಾನ್ ಸ್ಟುಡಿಯೋ ಕೂಡ ಚೆನ್ನೈನ ಅವರ ಮನೆ ಅಂಗಳದಲ್ಲೇ ಇತ್ತು. ಸ್ವಾತಂತ್ರ್ಯದ 50ನೇ ವರ್ಷಕ್ಕೆ ಬಂದ ‘ವಂದೇ ಮಾತರಂ’ನಲ್ಲಿ ಎಲ್ಲರ ಬಾಯಲ್ಲೂ ಉಳಿದದ್ದು ‘ಮಾ ತುಜೇ ಸಲಾಂ’. ಆದರೆ ಅದೇ ಆಲ್ಬಂನಲ್ಲಿ ನುಸ್ರತ್ ಫತೇ ಅಲಿ ಖಾನ್ ದನಿಯೂ ಇದೆ. ಆಲ್ಬಂ ಬಂದ ತಿಂಗಳಲ್ಲೇ, ಆಗಸ್ಟ್ 16ರಂದು, 48ನೇ ವಯಸ್ಸಿಗೆ ಅವರು ಲಂಡನ್‌ನಲ್ಲಿ ತೀರಿಕೊಂಡರು. ಸಾವಿನ ಮಾತು ಬಂತು, ರ‍್ಯಾಪ್ ಹಾಡುವ ನಟೋರಿಯಸ್ ಬಿ.ಐ.ಜಿ. ಆಲ್ಬಂ ‘ಲೈಫ್ ಆಫ್ಟರ್ ಡೆತ್’ ಅಂಗಡಿಗೆ ಬಂದದ್ದು ಅವರಿಗೆ ಗುಂಡು ಬಿದ್ದ 16 ದಿನಕ್ಕೆ.

ನನ್ನ ಮಾತಿಗೆ ಒಗ್ಗದವರು ಡಿಲನ್. ಅವರದು ಮಯಾಮಿಯ ಹೆಸರಾಂತ ಸ್ಟುಡಿಯೋ, ತುಂಬ ಜನ ವಾದಕರು. ಆದರೂ ನಿರ್ಮಾಪಕ ಡ್ಯಾನಿಯೆಲ್ ಲನ್ವಾ ಅದನ್ನು ರಾತ್ರಿ ಹೊತ್ತು ಯಾವುದೋ ಹಳೇ ಕೋಣೆಯಲ್ಲಿ ಹಾಡಿದ ಹಾಗೆ ಕೇಳಿಸಿದ್ದಾರೆ. ಬೇಕಂತಲೇ ಮಾಡಿದ್ದು.

ಕನ್ನಡದ ವಿಷಯ. ನಮ್ಮ ಭಾವಗೀತೆ ಕ್ಯಾಸೆಟ್‌ಗಳನ್ನು ಒಂದು ವರ್ಷಕ್ಕೆ ಕಟ್ಟಿಹಾಕಿದರೆ ಕೆಲಸ ಕೆಡುತ್ತದೆ. ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅದನ್ನು ಈಗಲೂ ಹಾಡುತ್ತಾರೆ. ಅದಕ್ಕೆ ಬೇರೆ ಲೇಖನವೇ ಬೇಕು, ಬರೆಸುತ್ತೇವೆ.

ಇನ್ನು ಭಟ್ಟರದು. ‘ಎ ಮೀಟಿಂಗ್ ಬೈ ದಿ ರಿವರ್’ 1993ರ ಆಲ್ಬಂ, ಅದಕ್ಕೇ ಪಟ್ಟಿಯಲ್ಲಿಲ್ಲ. ಅದೂ ಸ್ಟುಡಿಯೋದಲ್ಲಿ ಆದದ್ದಲ್ಲ, ಕ್ಯಾಲಿಫೋರ್ನಿಯಾದ ಒಂದು ಚರ್ಚಿನೊಳಗೆ. ಇಬ್ಬರೂ ಮೊದಲ ಸಲ ಭೇಟಿಯಾಗಿ ಸ್ವಲ್ಪ ಹೊತ್ತಿಗೇ ನುಡಿಸೋಕೆ ಕೂತವರು. 1993ರ ಬಗ್ಗೆ ನೀವೇ ಯಾಕೆ ಬರೆದು ಕಳಿಸಬಾರದು? ಎರಡು ಪುಟ ಮೀರದಿದ್ದರೆ ಸಾಕು.

– ಸಂಪಾದಕ