‘34 ಪ್ರಶಸ್ತಿ ಬಂದಿದೆ ಸಾರ್, ಆದರೂ ಯಾಕೆ ಆಯ್ಕೆ ಆಗ್ತಿಲ್ಲ?’

ಕಿರುಚಿತ್ರೋತ್ಸವಗಳ ಬಗ್ಗೆ ಬರುವ ಪ್ರಶ್ನೆಗಳು ವರ್ಷವರ್ಷವೂ ಅವೇ. ಆಗಸ್ಟ್ ಬಂತೆಂದರೆ, ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದ ಹೊತ್ತಿಗೆ, ಪತ್ರಗಳು ರಾಶಿ ಬೀಳುತ್ತವೆ. ಆಯ್ಕೆಪಟ್ಟಿ ಹೊರಬಿದ್ದ ಮೇಲೆ ಬರುವುದು ಬೈಗುಳದ ಪತ್ರಗಳು. ಉತ್ಸವಗಳ ಮೊದಲ ಸುತ್ತಿನ ಆಯ್ಕೆಯಲ್ಲಿ ಕೂತು ಚಿತ್ರ ನೋಡುವವನು ನಾನು. ಆ ಕುರ್ಚಿಯಿಂದ ಕಂಡದ್ದನ್ನು ಹೇಳುತ್ತೇನೆ. ಕಿರುಚಿತ್ರ ಎಂದರೇನು, ಕಥೆ ಎಲ್ಲಿಂದ ಹುಟ್ಟುತ್ತದೆ ಎಂಬ ಪಾಠ ಇಲ್ಲಿಲ್ಲ. ಉತ್ಸವಗಳಿಗೆ ಚಿತ್ರ ಕಳಿಸುವ ವೆಬ್‌ಸೈಟಾದ ಫಿಲ್ಮ್‌ಫ್ರೀವೇಯಲ್ಲಿ ಅಕೌಂಟ್ ತೆರೆಯುವುದು ಹೇಗೆ ಎಂದು ಕೇಳಿದವರು ಮನೆಯ ಹುಡುಗರನ್ನು ಕೇಳಿ.

ಮೊಬೈಲಿನಲ್ಲಿ ಶೂಟ್ ಮಾಡಿದ ಚಿತ್ರವನ್ನು ಒಪ್ಪುತ್ತಾರಾ? (ಹಾಸನ)

ಒಪ್ಪುತ್ತಾರೆ. ಸೌಂಡ್ ಕೆಟ್ಟಿದ್ದರೆ ಅಲೆಕ್ಸಾದಂಥ ದುಬಾರಿ ಸಿನಿಮಾ ಕ್ಯಾಮೆರಾದಲ್ಲಿ ತೆಗೆದದ್ದನ್ನೂ ಒಪ್ಪುವುದಿಲ್ಲ.

ಸೆನ್ಸಾರ್ ಸರ್ಟಿಫಿಕೇಟ್ ಬೇಕೇ? (ತುಮಕೂರು)

ವಿದೇಶಿ ಉತ್ಸವಕ್ಕೆ ಬೇಡ. ನಮ್ಮಲ್ಲಿ ನಡೆಯುವ ಉತ್ಸವಕ್ಕೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುವುದು ಉತ್ಸವ ನಡೆಸುವವರ ಕೆಲಸ. ‘ಸೆನ್ಸಾರ್ ಮಾಡಿಸಿಕೊಡ್ತೀನಿ’ ಎಂದು ಮುಂಗಡ ಕೇಳುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಕನ್ನಡದಲ್ಲಿ ತೆಗೆದರೆ ಹೊರಗೆ ಬೆಲೆ ಸಿಗುವುದಿಲ್ಲವಂತೆ. ಇಂಗ್ಲಿಷಿನಲ್ಲಿ ಮಾಡಲೇ? (ಬೆಂಗಳೂರು)

ಯಾರಂತೆ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದ ಮೈಸೂರಿನ ಚಿದಾನಂದ ನಾಯ್ಕ್ ಅವರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ಎಂಬ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಊರಿನ ಕೋಳಿಯನ್ನು ಅಜ್ಜಿಯೊಬ್ಬಳು ಕದ್ದ ಕಥೆ, ಮಾತೆಲ್ಲ ಕನ್ನಡ. ನಿಮ್ಮ ಇಂಗ್ಲಿಷ್ ಸಂಭಾಷಣೆಯನ್ನು ನಿಮ್ಮ ನಟರು ಹೇಗೆ ಹೇಳುತ್ತಾರೆ ಎಂಬುದನ್ನು ಮೊದಲು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.

ನನ್ನ 28 ನಿಮಿಷದ ಕಿರುಚಿತ್ರಕ್ಕೆ ಏಳು ತಿಂಗಳಲ್ಲಿ 34 ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿವೆ. ಪತ್ರಿಕೆಯಲ್ಲೂ ಸುದ್ದಿಯಾಯಿತು. ಆದರೆ ಬೆಂಗಳೂರು, ಕೇರಳ, ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಮೂರೂ ಕಡೆ ತಿರಸ್ಕರಿಸಿದ್ದಾರೆ. ಲಾಬಿ ಇಲ್ಲದೆ ಆಗುವುದಿಲ್ಲವೇ? ಒಬ್ಬರು 60 ಸಾವಿರ ಕೊಟ್ಟರೆ ‘ಆಸ್ಕರ್ ಲೆವೆಲ್’ ಉತ್ಸವಗಳಲ್ಲಿ ಗ್ಯಾರಂಟಿ ಆಯ್ಕೆ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಕೊಡಲೇ? (ದಾವಣಗೆರೆ)

ಕೊಡಬೇಡಿ. ಮಿಕ್ಕಿದ್ದು ಓದದಿದ್ದರೂ ಇದಿಷ್ಟು ನೆನಪಿಡಿ.

ನೀವು ಪ್ರಶಸ್ತಿಗಳ ಪಟ್ಟಿಯ ಜೊತೆ ಒಂದು ಸರ್ಟಿಫಿಕೇಟನ್ನೂ ಕಳಿಸಿದ್ದೀರಿ. ಬಂಗಾರದ ಎಲೆಗಳ ನಡುವೆ ‘ಅತ್ಯುತ್ತಮ ಚೊಚ್ಚಲ ನಿರ್ದೇಶಕ’ ಎಂದಿದೆ. ಅದರ ಕೆಳಗೆ ನಿರ್ದೇಶಕರ ಹೆಸರಿರಬೇಕಾದ ಜಾಗದಲ್ಲಿ ನಿಮ್ಮ ಚಿತ್ರದ ಹೆಸರಿದೆ, ಚಿತ್ರದ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು. ನೀವಿದನ್ನು ಫ್ರೇಮ್ ಹಾಕಿಸಿದ್ದೀರಿ, ಫೋಟೊದಲ್ಲಿ ಗಾಜಿನ ಮಿಂಚು ಕಾಣುತ್ತಿದೆ. ಪ್ರಶಸ್ತಿ ಕೊಟ್ಟವರು ನಿಮ್ಮ ಚಿತ್ರ ನೋಡಿದ್ದರೆ ಈ ತಪ್ಪು ಆಗುತ್ತಿತ್ತೇ?

ಈ ಅಂಗಡಿಗಳು ನಡೆಯುವ ಬಗೆ ಹೀಗೆ. ಯಾವುದಾದರೂ ದೊಡ್ಡ ಊರಿನ ಹೆಸರಿಗೆ ‘ಇಂಟರ್‌ನ್ಯಾಷನಲ್’ ಸೇರಿಸಿ ಆನ್‌ಲೈನಿನಲ್ಲಿ ಒಂದು ಉತ್ಸವ ನೋಂದಾಯಿಸುತ್ತಾರೆ. ಥಿಯೇಟರ್ ಇಲ್ಲ, ಪ್ರೇಕ್ಷಕರಿಲ್ಲ. ಪ್ರತಿ ತಿಂಗಳೂ ಒಂದು ‘ಆವೃತ್ತಿ’. ವಿಭಾಗಗಳು ಹತ್ತಾರು: ಅತ್ಯುತ್ತಮ ಪೋಸ್ಟರ್, ಅತ್ಯುತ್ತಮ ಟ್ರೇಲರ್, ಅತ್ಯುತ್ತಮ ಮೊಬೈಲ್ ಚಿತ್ರ, ಅತ್ಯುತ್ತಮ ಏಷ್ಯನ್ ಸಾಮಾಜಿಕ ಚಿತ್ರ. ಒಂದೊಂದಕ್ಕೂ ಪ್ರತ್ಯೇಕ ಶುಲ್ಕ, ಹಣ ಕಟ್ಟಿದವರಿಗೆಲ್ಲ ಒಂದಲ್ಲ ಒಂದು ಲಾರೆಲ್, ಅಂದರೆ ಪೋಸ್ಟರಿಗೆ ಅಂಟಿಸಿಕೊಳ್ಳುವ ಎಲೆಗಳ ಮುದ್ರೆ. ಆಮೇಲೆ ಮೇಲ್ ಬರುತ್ತದೆ: ಅಭಿನಂದನೆಗಳು, ಟ್ರೋಫಿ ಬೇಕಿದ್ದರೆ ಇಷ್ಟು ಡಾಲರ್, ಕೊರಿಯರ್ ಪ್ರತ್ಯೇಕ. ಇದು ಪ್ರಶಸ್ತಿಯಲ್ಲ, ಖರೀದಿ. ನೀವು 34 ಸಲ ಖರೀದಿ ಮಾಡಿದ್ದೀರಿ.

ಪ್ರವೇಶ ಶುಲ್ಕ ಕೇಳಿದವರೆಲ್ಲ ಮೋಸಗಾರರು ಎನ್ನುತ್ತಿಲ್ಲ. ಹಾಲಿನ ಬಾಡಿಗೆ, ಪ್ರೊಜೆಕ್ಷನ್, ತೀರ್ಪುಗಾರರ ಓಡಾಟಕ್ಕೆಲ್ಲ ದುಡ್ಡು ಬೇಕು, ಒಳ್ಳೆಯ ಉತ್ಸವಗಳೂ ಶುಲ್ಕ ಪಡೆಯುತ್ತವೆ. ಹಾಗಾಗಿ ಶುಲ್ಕ ನೋಡಬೇಡಿ, ಹೋದ ವರ್ಷದ ವೇಳಾಪಟ್ಟಿ ಹುಡುಕಿ. ಯಾವ ಹಾಲಿನಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾವ ಚಿತ್ರದ ಜೊತೆ ಯಾವುದನ್ನು ತೋರಿಸಿದರು? ತೀರ್ಪುಗಾರರ ಹೆಸರುಗಳಿವೆಯೇ? ಬೇರೆ ಊರಿನ ನಿರ್ದೇಶಕರೊಬ್ಬರು ‘ಅಲ್ಲಿ ಹೋಗಿದ್ದೆ’ ಎಂದು ಎಲ್ಲಾದರೂ ಹೇಳಿದ್ದಾರೆಯೇ? ಇದನ್ನು ನೋಡಲು ಹತ್ತು ನಿಮಿಷ ಸಾಕು. ಒಂದಕ್ಕೂ ಉತ್ತರ ಸಿಗದಿದ್ದರೆ ಅದು ಉತ್ಸವವಲ್ಲ.

ನೀವು ಹೆಸರಿಸಿದ ಮೂರನ್ನೇ ತೆಗೆದುಕೊಳ್ಳಿ. ಕ್ಲೆರ್ಮೋಂ-ಫೆರಾಂ ಮಧ್ಯ ಫ್ರಾನ್ಸಿನ ಊರು, ಮಿಶೆಲಿನ್ ಟೈರುಗಳ ತವರು. 1979ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ವಾರ ಕಿರುಚಿತ್ರ ತೋರಿಸಿದರು, 1982ರಲ್ಲಿ ಸ್ಪರ್ಧೆ ಶುರುವಾಯಿತು. ಇವತ್ತು ಕಿರುಚಿತ್ರಕ್ಕೆ ಅದಕ್ಕಿಂತ ದೊಡ್ಡ ಉತ್ಸವವಿಲ್ಲ. ಚಳಿಗಾಲದ ನಡುವೆ, ಜನವರಿ ಕೊನೆಗೆ, ಊರಿನ ಜನ ಟಿಕೆಟ್ ಕೊಂಡು ಸಾಲು ನಿಲ್ಲುತ್ತಾರೆ. ವರ್ಷಕ್ಕೆ ಸಾವಿರಾರು ಚಿತ್ರಗಳು ಬರುತ್ತವೆ, ಅಂತರರಾಷ್ಟ್ರೀಯ ಸ್ಪರ್ಧೆಗೆ ಉಳಿಯುವುದು ಕೆಲವು ಹತ್ತುಗಳಷ್ಟು. ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವವನ್ನು ಕೇರಳ ರಾಜ್ಯ ಚಲಚ್ಚಿತ್ರ ಅಕಾಡೆಮಿ 2008ರಿಂದ ನಡೆಸುತ್ತಿದೆ. ಬೆಂಗಳೂರಿನದು 2011ರಿಂದ ಇದೆ, ಅದರಲ್ಲಿ ಅಂತರರಾಷ್ಟ್ರೀಯ, ಭಾರತೀಯ, ಕರ್ನಾಟಕ ಎಂದು ಬೇರೆಬೇರೆ ಸ್ಪರ್ಧೆಗಳಿವೆ. ಇಂಥ ಕಡೆ ತಿರಸ್ಕಾರವಾಗುವುದು ಮಾಮೂಲಿ. ಲಾಬಿ ಬೇಕಿಲ್ಲ, ಲೆಕ್ಕವೇ ಸಾಕು.

‘ಆಸ್ಕರ್ ಲೆವೆಲ್’ ಎಂಬ ಮಾತಿಗೆ ಬರೋಣ, ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿ ಕೆಲವು ಉತ್ಸವಗಳನ್ನು ಅರ್ಹತಾ ಪಟ್ಟಿಯಲ್ಲಿ ಇಟ್ಟಿದೆ. ಬೆಂಗಳೂರಿನ ಉತ್ಸವ ಆ ಪಟ್ಟಿಗೆ ಸೇರಿದೆ, ಕ್ಲೆರ್ಮೋಂ-ಫೆರಾಂ ಕೂಡ. ಆದರೆ ಅಂಥ ಉತ್ಸವಕ್ಕೆ ಆಯ್ಕೆಯಾದ ಮಾತ್ರಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಗೊತ್ತುಪಡಿಸಿದ ನಿರ್ದಿಷ್ಟ ಪ್ರಶಸ್ತಿಯನ್ನೇ ಗೆಲ್ಲಬೇಕು. ಗೆದ್ದರೆ ಅರ್ಜಿ ಹಾಕುವ ಅರ್ಹತೆ ಸಿಗುತ್ತದೆ, ಅಷ್ಟೇ. ಹಾಗೆ ಅರ್ಹತೆ ಪಡೆದ ಚಿತ್ರಗಳಲ್ಲಿ 15 ಕಿರುಪಟ್ಟಿಗೆ, 5 ನಾಮನಿರ್ದೇಶನಕ್ಕೆ. ನಮ್ಮ ಪತ್ರಿಕೆಗಳು ಈ ಮೂರು ಮೆಟ್ಟಿಲನ್ನೂ ಕಲಸಿ ‘ಆಸ್ಕರ್‌ಗೆ ಕನ್ನಡದ ಚಿತ್ರ’ ಎಂದು ಹೆಡ್ಡಿಂಗ್ ಹಾಕುತ್ತವೆ, ಆ ಹೆಡ್ಡಿಂಗನ್ನೇ ಬಂಡವಾಳ ಮಾಡಿಕೊಂಡು ನಿಮ್ಮ ಏಜೆಂಟ್ 60 ಸಾವಿರ ಕೇಳುತ್ತಾನೆ. ಅರ್ಹತಾ ಉತ್ಸವದ ಪ್ರಶಸ್ತಿಯನ್ನು ಯಾರೂ ಗ್ಯಾರಂಟಿ ಕೊಡಲಾರರು. ಅವನು ಮಾಡುವುದಿಷ್ಟೇ: ನಿಮ್ಮ ಹಣದಲ್ಲಿ ಇಪ್ಪತ್ತು ಕಡೆ ಶುಲ್ಕ ಕಟ್ಟಿ, ಹತ್ತೊಂಬತ್ತು ಕಡೆ ‘ಗೆದ್ದು’, ಉಳಿದದ್ದನ್ನು ಜೇಬಿಗಿಳಿಸುತ್ತಾನೆ.

ಈಗ ನಿಮ್ಮ ಚಿತ್ರ. ಲಿಂಕ್ ಕಳಿಸಿದ್ದಿರಿ, ನೋಡಿದೆ. ಮೊದಲಿಗೆ ಬ್ಯಾನರಿನ ಅನಿಮೇಷನ್, ಜ್ವಾಲೆಯಲ್ಲಿ ಎದ್ದು ಬರುವ ಸಿಂಹ. ಆಮೇಲೆ ಮನೆದೇವರು, ತಂದೆತಾಯಿಯ ಫೋಟೊ, ಕೃತಜ್ಞತೆ, ಧೂಮಪಾನದ ಎಚ್ಚರಿಕೆ, 34 ಲಾರೆಲ್‌ಗಳ ಒಂದು ಪುಟ. ನಂತರ ಡ್ರೋನಿನಲ್ಲಿ ಭದ್ರಾ ನಾಲೆ, ಸೂರ್ಯೋದಯ, ಕೊಳಲು. ಮನುಷ್ಯನ ಮುಖ ಕಾಣುವ ಹೊತ್ತಿಗೆ ನಾಲ್ಕು ನಿಮಿಷ. ಆಯ್ಕೆಗೆ ಕೂತವರ ಮುಂದೆ ಆ ದಿನ ಇನ್ನೂ ಮೂವತ್ತು ಚಿತ್ರಗಳಿರುತ್ತವೆ. ಅವರು ನಿಮ್ಮ ಮನೆದೇವರಿಗೆ ಕೈಮುಗಿಯುವಷ್ಟು ಹೊತ್ತು ಕಾಯುವುದಿಲ್ಲ. ಲಾರೆಲ್ ಪುಟ ನೋಡಿದ ಮೇಲಂತೂ ಅನುಮಾನವೇ ಜಾಸ್ತಿಯಾಗುತ್ತದೆ, ಆ ಎಲೆಗಳು ಯಾವ ಅಂಗಡಿಯವು ಎಂದು ನಮಗೆ ಗೊತ್ತು. ಇವತ್ತೇ ಕಿತ್ತು ಹಾಕಿ.

ಇನ್ನು ಉದ್ದ. ಕಾನ್ ಕಿರುಚಿತ್ರ ಸ್ಪರ್ಧೆಯ ಮಿತಿ ಟೈಟಲ್ಲುಗಳೂ ಸೇರಿ 15 ನಿಮಿಷ. ವೆನಿಸ್ ಉತ್ಸವದ ಒರಿಜೊಂಟಿ ವಿಭಾಗದ ಕಿರುಚಿತ್ರಕ್ಕೆ 20. ಬರ್ಲಿನ್ ಉತ್ಸವದ ಕಿರುಚಿತ್ರ ವಿಭಾಗಕ್ಕೆ 30, ಆಸ್ಕರ್‌ಗೆ 40. 28 ನಿಮಿಷ ಎಂದ ಕೂಡಲೇ ಮೊದಲೆರಡು ಬಾಗಿಲು ಮುಚ್ಚಿದವು. ನಿಯಮದಲ್ಲಿ ಜಾಗವಿರುವ ಕಡೆಯೂ ಕಷ್ಟವೇ. ಉತ್ಸವದಲ್ಲಿ ಕಿರುಚಿತ್ರಗಳನ್ನು ಒಂದೂವರೆ ಗಂಟೆಯ ಗುಚ್ಛಗಳಾಗಿ ಜೋಡಿಸುತ್ತಾರೆ. ಒಂದು ಗುಚ್ಛದಲ್ಲಿ ಐದಾರು ಚಿತ್ರ. ನಿಮ್ಮದನ್ನು ಒಳಗೆ ಬಿಟ್ಟರೆ ಇನ್ನೆರಡು ಹೊರಗೆ ನಿಲ್ಲಬೇಕು. ‘ಆ ಎರಡಕ್ಕಿಂತಲೂ ಇದು ಮೇಲೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳುವವರು ಆ ಕೋಣೆಯಲ್ಲಿ ಒಬ್ಬರಾದರೂ ಬೇಕು.

ನಿಮ್ಮ ಪರವಾಗಿ ನಾನು ಉತ್ತರ ಹೇಳಬಲ್ಲೆ ಅನಿಸಿದ್ದು ಒಂದೇ ಜಾಗದಲ್ಲಿ, ಹದಿನೇಳನೇ ನಿಮಿಷದ ಸುಮಾರಿಗೆ. ಸೊಸೈಟಿಯ ಸಾಲ ವಸೂಲಿಯವನು ಮನೆಗೆ ಬರುತ್ತಾನೆ. ಹೆಂಡತಿ ಬಾಯಿ ಬಿಡುವುದಿಲ್ಲ, ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಅವನು ಮಾತಾಡುತ್ತಲೇ ಇರುತ್ತಾನೆ, ಅವಳು ಒಂದು ಕಲ್ಲು ಆರಿಸಿ ಅವನ ಬೂಟಿನ ಪಕ್ಕಕ್ಕೆ ಎಸೆಯುತ್ತಾಳೆ. ಇನ್ನೊಂದು. ಮತ್ತೊಂದು. ಇಂಥವನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಹೊಳೆಯುವ ದೃಶ್ಯ ಅದು. ಅದರ ಬೆನ್ನಿಗೇ ಪಿಟೀಲು ಸುರಿದು, ಕೊನೆಯ ಆರು ನಿಮಿಷ ಭಾಷಣಕ್ಕೆ ಕೊಟ್ಟಿದ್ದೀರಿ. ಗಂಡನ ಸಾವನ್ನು ಸ್ಲೋ ಮೋಷನ್ನಿನಲ್ಲಿ ತೋರಿಸುವ ಅಗತ್ಯವೇನಿತ್ತು? ಆ ಹೆಂಗಸನ್ನು ಹಿಡಿದುಕೊಂಡು 14 ನಿಮಿಷಕ್ಕೆ ಇಳಿಸಿ. ನಿಮ್ಮ ಎಡಿಟರ್ ಒಪ್ಪದಿದ್ದರೆ ಬೇರೆಯವರನ್ನು ಹಿಡಿಯಿರಿ. ಏಜೆಂಟಿಗೆ ಕೊಡಬೇಕೆಂದಿದ್ದ ಹಣದ ಕಾಲುಭಾಗ ಸಾಕು.

ಸಬ್‌ಟೈಟಲನ್ನೂ ಮತ್ತೆ ಮಾಡಿಸಬೇಕು. ಬಿಳಿ ಪಂಚೆಯ ಮೇಲೆ ಬಿಳಿ ಅಕ್ಷರ ಬಂದಿದೆ, ಓದಲಾಗುವುದಿಲ್ಲ. ಒಂದು ಸಲಕ್ಕೆ ಎರಡು ಸಾಲು ಮೀರಬಾರದು, ಅಕ್ಷರಕ್ಕೆ ಕಪ್ಪು ಅಂಚಿರಲಿ, ಶಾಟ್ ಕಟ್ಟಾದ ಮೇಲೂ ಹಳೆಯ ಸಾಲು ಜೋತಾಡಬಾರದು. ಗೂಗಲ್ ಅನುವಾದವನ್ನು ಹಾಗೇ ಅಂಟಿಸಿದ್ದೀರಿ ಎಂಬುದು ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. ಕನ್ನಡ ಬಾರದ ಒಬ್ಬರನ್ನು ಕೂರಿಸಿ ತೋರಿಸಿ. ಅವರು ಎಲ್ಲಿ ನಗಬೇಕೋ ಅಲ್ಲಿ ನಗದಿದ್ದರೆ ಅಥವಾ ನಗಬಾರದ ಕಡೆ ನಕ್ಕರೆ ಅಲ್ಲಿ ತಿದ್ದಿ.

ಯೂಟ್ಯೂಬಿಗೆ ಹಾಕಿದ ಮೇಲೂ ಉತ್ಸವಕ್ಕೆ ಕಳಿಸಬಹುದೇ? (ಕಲಬುರಗಿ, ಮಂಗಳೂರು, ಶಿರಸಿ, ಇನ್ನೂ ಹಲವರು)

ಹಾಕುವ ಮೊದಲು ಕೇಳುವ ಪ್ರಶ್ನೆ ಇದು, ಹಾಕಿದ ಮೇಲಲ್ಲ. ಕೆಲವು ಉತ್ಸವಗಳು ತಲೆ ಕೆಡಿಸಿಕೊಳ್ಳುವುದಿಲ್ಲ, ಹಲವು ಬಾಗಿಲಲ್ಲೇ ನಿಲ್ಲಿಸುತ್ತವೆ. ಆಸ್ಕರ್ ನಿಯಮ ಸ್ಪಷ್ಟ: ಅರ್ಹತೆ ಪಡೆಯುವ ಮುನ್ನ ಇಂಟರ್ನೆಟ್ಟಿನಲ್ಲೋ ಟಿವಿಯಲ್ಲೋ ಸಾರ್ವಜನಿಕವಾಗಿ ತೋರಿಸಿದ್ದರೆ ಕಥೆ ಮುಗಿಯಿತು. ಒಟ್ಟು ಉದ್ದದ ಹತ್ತನೇ ಒಂದು ಭಾಗದವರೆಗಿನ ತುಣುಕುಗಳಿಗೆ ಮಾತ್ರ ವಿನಾಯಿತಿ. ‘ಪ್ರೈವೇಟ್ ಮಾಡಿದರೆ ಸಾಲದೇ?’ ಎಂದು ಇಬ್ಬರು ಕೇಳಿದ್ದಾರೆ. ನಿಮ್ಮೂರಿನ ಅರ್ಧ ಜನ ಶೇರ್ ಮಾಡಿ, ಮೂರು ವಾರ್ತಾತಾಣಗಳು ಲಿಂಕ್ ಹಾಕಿದ ಮೇಲೆ ಪ್ರೈವೇಟ್ ಮಾಡಿ ಯಾರ ಕಣ್ಣಿಗೆ ಮಣ್ಣೆರಚುತ್ತೀರಿ? ಪಾಸ್‌ವರ್ಡ್ ಹಾಕಿದ ಲಿಂಕ್ ಆಯ್ಕೆಯವರಿಗೆ ಮಾತ್ರ ಕೊಡಿ, ಒಂದು ವರ್ಷ ತಾಳಿಕೊಳ್ಳಿ. ಆ ಪಾಸ್‌ವರ್ಡನ್ನು ನಡುವೆ ಬದಲಿಸಬೇಡಿ. ತೆರೆಯದ ಲಿಂಕಿಗೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ.

ಮೂವತ್ತು ಸೆಕೆಂಡಿನೊಳಗೆ ಬಳಸಿದರೆ ಹಾಡಿಗೆ ಹಕ್ಕುಸ್ವಾಮ್ಯ ಇಲ್ಲವಂತಲ್ಲ? (ಧಾರವಾಡ)

ಸುಳ್ಳು. ಇಂಥ ಸೆಕೆಂಡುಗಳ ಲೆಕ್ಕ ನಮ್ಮ ಕಾಯ್ದೆಯಲ್ಲಿ ಇಲ್ಲ, ಇದನ್ನು ಹಬ್ಬಿಸಿದವರನ್ನು ಹಿಡಿದು ತರಬೇಕು. ನಮ್ಮ ಕಾಯ್ದೆಯಂತೆ ಬರಹಕ್ಕೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಕಿರುಚಿತ್ರಗಳ ಕೊನೆಗೆ ತಪ್ಪದೆ ಬರುವ ಕಗ್ಗಕ್ಕೂ ಇದೇ ಲೆಕ್ಕ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, 2035ರವರೆಗೆ ಅನುಮತಿ ಕೇಳಬೇಕು. ಶಿಶುನಾಳ ಷರೀಫರು 1889ರಲ್ಲೇ ಹೋದರು, ಸಾಹಿತ್ಯ ಎಲ್ಲರದ್ದು. ಆದರೆ ನಿಮ್ಮ ಕಿವಿಯಲ್ಲಿರುವುದು ಸಿ. ಅಶ್ವಥ್ ಕೂರಿಸಿದ ಧಾಟಿ. ಧಾಟಿಯ ಹಕ್ಕು ಬೇರೆ, ಕ್ಯಾಸೆಟ್ಟಿನ ಮುದ್ರಿಕೆಯ ಹಕ್ಕು ಇನ್ನೂ ಬೇರೆ. ಊರಿನ ಗೀಗೀ ಮೇಳದವರನ್ನೋ ಭಜನೆಯವರನ್ನೋ ಕೂರಿಸಿ, ಅವರದೇ ಧಾಟಿಯಲ್ಲಿ ಹಾಡಿಸಿ, ಹಣ ಕೊಟ್ಟು, ಕಾಗದದ ಮೇಲೆ ಸಹಿ ಪಡೆಯಿರಿ. ಅನುಮತಿ ಪತ್ರವಿಲ್ಲದ ಒಂದು ಹಾಡಿನ ದೆಸೆಯಿಂದ, ಆಯ್ಕೆಯಾದ ಚಿತ್ರವೂ ಪಟ್ಟಿಯಿಂದ ಬಿದ್ದುಹೋಗುತ್ತದೆ.

ತೀರ್ಪುಗಾರರ ಪರಿಚಯ ಮಾಡಿಸಿಕೊಡುತ್ತೀರಾ? (ಹೆಸರು ಬೇಡ ಎಂದಿದ್ದಾರೆ)

ಇಲ್ಲ.

ಎಂಟ್ರಿ ಕಳಿಸುವ ಮುಂಚೆಯೇ ಡಿಸಿಪಿ ಮಾಡಿಸಬೇಕು, ಮೂವತ್ತು ಸಾವಿರ ಆಗುತ್ತದೆ ಎಂದು ಸ್ಟುಡಿಯೊದವರು ಹೇಳುತ್ತಿದ್ದಾರೆ. (ಹುಬ್ಬಳ್ಳಿ)

ಡಿಸಿಪಿ ಎಂದರೆ ಥಿಯೇಟರಿನ ಪ್ರೊಜೆಕ್ಟರಿಗೆ ಹಾಕುವ ಪ್ರತಿ. ಅದು ಬೇಕಾಗುವುದು ಆಯ್ಕೆಯಾದ ಮೇಲೆ. ಎಂಟ್ರಿಗೆ ಲಿಂಕ್ ಸಾಕು. ಆಯ್ಕೆಯಾದರೆ ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ನೀವೇ ಮಾಡಿಕೊಳ್ಳಬಹುದು, ಕಂಪ್ಯೂಟರ್ ತಿಳಿದ ಹುಡುಗನಿಗೆ ಒಂದು ಸಂಜೆಯ ಕೆಲಸ. ಕಳಿಸುವ ಮುಂಚೆ ಊರಿನ ಥಿಯೇಟರಿನವರಿಗೆ ಹೇಳಿ, ಬೆಳಗಿನ ಆಟಕ್ಕೆ ಮೊದಲು ಹತ್ತು ನಿಮಿಷ ಹಾಕಿಸಿ ನೋಡಿ. ಬಣ್ಣ ಸರಿಯಿದೆಯೇ, ಮಾತು ನಡುವಿನ ಸ್ಪೀಕರಿನಿಂದ ಬರುತ್ತಿದೆಯೇ, ಸಬ್‌ಟೈಟಲ್ ಪರದೆಯಿಂದ ಆಚೆ ಹೋಗುತ್ತಿಲ್ಲವೇ ಎಂದು ಗಮನಿಸಿ. ಆಪರೇಟರಿಗೆ ಚಹಾದ ಖರ್ಚು ಕೊಡಿ.