ಗ್ವಾಟೆಮಾಲಾದ ಕಾಕ್‌ಇಕ್ ಸೂಪನ್ನು ಮನೆಯಲ್ಲಿ ಮಾಡುವುದು ಹೇಗೆ?

ಅಮೆರಿಕದಲ್ಲಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಫ್ರೀಜರಿನಲ್ಲಿ ಉಳಿದಿರುವ ಟರ್ಕಿ ಕೋಳಿಯ ಕಾಲುಗಳಿಂದ ಕಾಕ್‌ಇಕ್ ಮಾಡಬಹುದೇ, ಮಸಾಲೆಗೆ ಬದಲಾಗಿ ಸಾರಿನ ಪುಡಿ ಸಾಕೇ ಎಂದು. ಕಾಲುಗಳಿಂದ ಧಾರಾಳವಾಗಿ ಮಾಡಬಹುದು. ಸಾರಿನ ಪುಡಿ ಮಾತ್ರ ದಯವಿಟ್ಟು ಬೇಡ. ಇಂಗು, ಮೆಂತ್ಯ ಸೇರಿದ ಕೂಡಲೇ ಅದು ಬೇರೆಯೇ ಅಡುಗೆಯಾಗುತ್ತದೆ.

ಆಲ್ಟಾ ವೆರಾಪಾಸ್ ಪ್ರಾಂತ್ಯದ ಕೊಬಾನ್ ಸುತ್ತಮುತ್ತಲಿನ ಕೆಕ್ಚಿ ಮಾಯಾ ಜನರ ಅಡುಗೆಯಿದು. 2007ರಲ್ಲಿ ಗ್ವಾಟೆಮಾಲಾ ಇದನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಟರ್ಕಿ, ಟೊಮೆಟೊ, ಮೆಣಸಿನಕಾಯಿ ಆ ನೆಲದವೇ. ಲವಂಗ, ಚಕ್ಕೆ, ಕರಿಮೆಣಸು ಸ್ಪ್ಯಾನಿಷರು ಬಂದ ಮೇಲೆ ಸೇರಿಕೊಂಡವು. ಆದ್ದರಿಂದಲೇ ನಾನು ಅವನ್ನು ಬಹಳ ಹಿಡಿತದಲ್ಲಿ ಹಾಕುತ್ತೇನೆ.

ಸುಮಾರು 2 ಕಿಲೋ ಮಾಂಸವನ್ನು ಮೂಳೆಸಹಿತ ತೆಗೆದುಕೊಳ್ಳಿ. ಒಂದಿಡೀ ದಿನ ಫ್ರಿಜ್‌ನಲ್ಲಿಟ್ಟು ಮಂಜು ಬಿಡಿಸಿ. 3 ಲೀಟರ್ ನೀರು, ಉಪ್ಪು, ಅರ್ಧ ಈರುಳ್ಳಿ, ಒಂದು ಹಿಡಿ ಪುದೀನದೊಂದಿಗೆ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ, ಮೇಲೆ ಬರುವ ನೊರೆ ತೆಗೆಯುತ್ತಿರಿ. ಕುಕ್ಕರ್ ಬೇಡ. ರಸ ತಿಳಿಯಾಗಿರಬೇಕು.

ಇನ್ನು ಸುಡುವ ಕೆಲಸ. ಇಲ್ಲಿ ಆತುರಪಟ್ಟರೆ ಸಿಗುವುದು ಬರೀ ಟೊಮೆಟೊ ಸೂಪ್. ಅಲ್ಲಿಯವರು ಕೊಮಾಲ್ ಎಂಬ ಮಣ್ಣಿನ ಹೆಂಚು ಬಳಸುತ್ತಾರೆ. ನಿಮ್ಮ ಕಬ್ಬಿಣದ ದೋಸೆ ಕಾವಲಿ ಸಾಕು. ಎಂಟು ಟೊಮೆಟೊ, ಸಿಪ್ಪೆ ಬಿಡಿಸಿದ ಕಾಲು ಕಿಲೋ ಟೊಮಟಿಯೊ (ಒಣ ಹೊದಿಕೆಯೊಳಗೆ ಬೆಳೆಯುವ, ಹಸಿರು ಟೊಮೆಟೊದಂಥ ಹುಳಿ ಕಾಯಿ), ಒಂದು ಕೆಂಪು ದಪ್ಪ ಮೆಣಸಿನಕಾಯಿ, ಒಂದು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಎಲ್ಲವನ್ನೂ ಎಣ್ಣೆಯಿಲ್ಲದೆ, ಅಲ್ಲಲ್ಲಿ ಕಪ್ಪಾಗಿ ರಸ ಜಿನುಗುವವರೆಗೆ ಸುಡಿ. ಬೀಜ ತೆಗೆದ ಮೂರು ಒಣ ಗ್ವಾಹಿಯೊ ಮೆಣಸಿನಕಾಯಿಯನ್ನು ಮಾತ್ರ ಕೆಲವೇ ಕ್ಷಣ ಬಿಸಿ ಮಾಡಿ ನೀರಲ್ಲಿ ನೆನೆಸಿ. ಅದು ಕಪ್ಪಾದರೆ ಕಹಿ. ಗ್ವಾಹಿಯೊ ಸಿಗದಿದ್ದರೆ ಆರೇಳು ಬ್ಯಾಡಗಿ ಹಾಕಿ. ಬಣ್ಣ ಹೆಚ್ಚು, ಖಾರ ಕಡಿಮೆ, ಇಲ್ಲಿ ಬೇಕಿರುವುದೂ ಅದೇ.

ಒಂದು ಚಮಚ ಕೊತ್ತಂಬರಿ ಬೀಜ, ನಾಲ್ಕೈದು ಕರಿಮೆಣಸು, ಎರಡು ಲವಂಗ, ಚಿಕ್ಕ ತುಂಡು ಚಕ್ಕೆ ಹುರಿದು, ಸುಟ್ಟದ್ದೆಲ್ಲವನ್ನೂ ಒಂದು ಚಮಚ ಅಚಿಯೋಟೆಯನ್ನೂ ಸೇರಿಸಿ ನುಣ್ಣಗೆ ರುಬ್ಬಿ, ಸೋಸಿ ರಸಕ್ಕೆ ಸುರಿಯಿರಿ. ಅಚಿಯೋಟೆ ಎಂದರೆ ಕೆಂಪು ಬಣ್ಣ ಕೊಡುವ ಬೀಜ. ಲ್ಯಾಟಿನ್ ಅಂಗಡಿಗಳಲ್ಲಿ ಅದರ ಮುದ್ದೆ ಸಿಗುತ್ತದೆ. ಮತ್ತೆ ಅರ್ಧ ಗಂಟೆ ಕುದಿಯಲಿ.

ಕೊನೆಯ ಹತ್ತು ನಿಮಿಷಕ್ಕೆ ಸಮಾತ್ ಸೊಪ್ಪು ಹಾಕಬೇಕು. ಉದ್ದ ಎಲೆ, ಗರಗಸದಂಥ ಅಂಚು, ಕೊತ್ತಂಬರಿಯದೇ ಪರಿಮಳ, ಆದರೆ ಬಲು ಗಾಢ. ವಿಯೆಟ್ನಾಮಿ ಅಂಗಡಿಗಳಲ್ಲಿಯೂ ವಿಚಾರಿಸಿ, ಅವರ ಅಡುಗೆಗೂ ಇದು ಬೇಕು. ಸಿಗದಿದ್ದರೆ ಕೊತ್ತಂಬರಿ ಸೊಪ್ಪನ್ನೇ ದಂಟುಸಹಿತ ದುಪ್ಪಟ್ಟು ಹಾಕಿ. ಹಿಟ್ಟು ಕಲಸಿ ಗಟ್ಟಿ ಮಾಡಲು ಹೋಗಬೇಡಿ, ಒಗ್ಗರಣೆಯೂ ಬೇಡ. ಮೇಲೆ ಕೆಂಪು ಜಿಡ್ಡು ತೇಲುವ ತೆಳುವಾದ ರಸವೇ ಕಾಕ್‌ಇಕ್.

ಬಟ್ಟಲಿಗೊಂದು ದೊಡ್ಡ ತುಂಡು ಹಾಕಿ, ತುಂಬ ರಸ ಬಡಿಸಿ, ಜೊತೆಗೆ ಅನ್ನ ಮತ್ತು ಜೋಳದ ಹಿಟ್ಟಿನ ಸಪ್ಪೆ ತಮಾಲೆ, ಅಂದರೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು, ಇಡಿ. ಮುಸುಕಿನ ಜೋಳದ್ದು, ನಮ್ಮ ಬಿಳಿಜೋಳದ್ದಲ್ಲ. ಖಾರ ಬೇಕಾದವರಿಗೆ ಕೊಬಾನೆರೊ ಮೆಣಸಿನ ಪುಡಿ ಮೇಜಿನ ಮೇಲಿರಲಿ. ಅದರ ಹೊಗೆವಾಸನೆಗೆ ಹತ್ತಿರದ್ದು ಚಿಪೋಟ್ಲೆ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ.