ಛಾಯಾಗ್ರಹಣ ಪ್ರಶ್ನೋತ್ತರ: ಹೆಂಚಿನ ಮನೆಯ ಬೆಳಕು

ಪ್ರಶ್ನೆ: ನಮ್ಮದು ಹಳೆಯ ತೊಟ್ಟಿಮನೆ. ಹೋದ ವರ್ಷ ಬಳಸಿದ ಡಿಎಸ್‌ಎಲ್‌ಆರ್ ಕ್ಯಾಮೆರಾ, 18–55 ಮಿ.ಮೀ. ಲೆನ್ಸ್ ಮತ್ತು ಒಂದು ಫ್ಲಾಶ್ ಕೊಂಡೆ. ಆಮೇಲೆ 50 ಮಿ.ಮೀ. ಎಫ್ 1.8 ಲೆನ್ಸನ್ನೂ ತಂದೆ. ಫ್ಲಾಶನ್ನು ನೇರವಾಗಿ ಹೊಡೆದರೆ ಮುಂದೆ ಕುಳಿತ ಮಕ್ಕಳ ಮುಖ ಸುಣ್ಣ ಬಳಿದಂತಾಗಿ ಹಿಂದೆ ನಿಂತವರು ಕತ್ತಲಲ್ಲಿ ಉಳಿಯುತ್ತಾರೆ. ಮೇಲಕ್ಕೆ ತಿರುಗಿಸಿದರೆ ಚಿತ್ರ ಮಂಕಾಗಿ, ಕೆಂಪಗೆ ಬರುತ್ತದೆ. ಅಜ್ಜಿಯ ತೊಡೆಯ ಮೇಲೆ ಮೊಮ್ಮಗಳನ್ನು ಕೂರಿಸಿ 50 ಮಿ.ಮೀ. ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಅಜ್ಜಿಯ ಮುಖ ಸ್ಪಷ್ಟವಾಗಿದ್ದರೂ ಮಗುವಿನ ಮುಖ ಮಸುಕಾಗಿದೆ. ಅಜ್ಜಿಯ ಕನ್ನಡಕದಲ್ಲಿ ಬಿಳಿ ಹೊಳಪು ಬೇರೆ. ದೀಪಾವಳಿಗೆ ಮನೆಯವರೆಲ್ಲ ಸೇರುತ್ತಾರೆ. ಅಷ್ಟರೊಳಗೆ ಏನನ್ನು ತಿದ್ದಿಕೊಳ್ಳಲಿ?
— ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಫ್ಲಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಬೇಕೆಂಬ ಸಲಹೆ, ಒಂಬತ್ತು ಹತ್ತು ಅಡಿ ಎತ್ತರದಲ್ಲಿ ಬಿಳಿ ಚಾವಣಿ ಇರುವ ತಾರಸಿ ಮನೆಗಳಿಗೆ ಹೊಂದುವಂಥದ್ದು. ನಿಮ್ಮ ಮನೆಯಲ್ಲಿ ಆ ಬೆಳಕು ಹೊಗೆ ಹಿಡಿದ ಜಂತೆಗಳಿಗೂ ಕೆಂಪು ಹೆಂಚಿಗೂ ತಾಗುತ್ತದೆ. ಹೆಚ್ಚಿನ ಪಾಲನ್ನು ಮರ ನುಂಗಿಬಿಡುತ್ತದೆ. ಮರಳಿ ಬರುವ ಅಷ್ಟಿಷ್ಟು ಬೆಳಕು ಹೆಂಚಿನ ಬಣ್ಣವನ್ನೇ ಹೊತ್ತು ಬರುತ್ತದೆ. ಪಡಸಾಲೆಯ ಒಂದು ಬದಿಗೆ ಹಗ್ಗ ಕಟ್ಟಿ, ಒಗೆದ ಬಿಳಿ ಪಂಚೆಯೊಂದನ್ನು ಮಡಿಕೆ ಬಿಡಿಸಿ ಇಳಿಬಿಡಿ. ಫ್ಲಾಶನ್ನು ಅದರ ಕಡೆಗೆ ತಿರುಗಿಸಿ. ಎರಡು ಅಂಗುಲದ ಫ್ಲಾಶಿನಿಂದ ಹೊರಟ ಬೆಳಕು ನಾಲ್ಕು ಮೊಳದ ಪಂಚೆಯಷ್ಟು ಹರಡಿ ಹೊರಡುವುದರಿಂದ ಮುಖದ ಮೇಲಿನ ನೆರಳಿನ ಅಂಚು ಮೆತ್ತಗಾಗುತ್ತದೆ. ಬಿಳಿ ಗೋಡೆ ಹತ್ತಿರವಿದ್ದರೆ ಪಂಚೆಯೂ ಬೇಕಿಲ್ಲ.

ಮಕ್ಕಳ ಮುಖ ಬೆಳ್ಳಗಾಗಲು ಕಾರಣ ದೂರ. ಫ್ಲಾಶಿನಿಂದ ಒಂದೂವರೆ ಮೀಟರ್ ದೂರದಲ್ಲಿರುವ ಮಗುವಿಗೆ ಸಿಕ್ಕ ಬೆಳಕಿನ ಕಾಲುಭಾಗ ಮಾತ್ರ ಮೂರು ಮೀಟರ್ ದೂರದಲ್ಲಿ ನಿಂತ ಚಿಕ್ಕಪ್ಪನಿಗೆ ಸಿಗುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದಾಗುತ್ತದೆ. ಆದ್ದರಿಂದ ಇಡೀ ಕುಟುಂಬದ ಚಿತ್ರಕ್ಕೆ ಫ್ಲಾಶನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಎಲ್ಲರನ್ನೂ ಜಗಲಿಯ ಮೇಲೂ ಮೆಟ್ಟಿಲುಗಳ ಮೇಲೂ ಕೂರಿಸಿ ನೀವು ಅಂಗಳಕ್ಕೆ ಇಳಿಯಿರಿ. ಸೂರಿನ ನೆರಳು ಎಲ್ಲರ ಮೇಲೂ ಒಂದೇ ಸಮನಾಗಿರುತ್ತದೆ, ಎದುರಿನ ಆಕಾಶ ಎಲ್ಲರ ಮುಖಕ್ಕೂ ಬೆಳಕು ಕೊಡುತ್ತದೆ. 18–55 ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) 5.6, ಷಟರ್ (ಬೆಳಕು ಒಳಬರುವ ಹೊತ್ತು) 1/125 ಸೆಕೆಂಡ್ ಇಟ್ಟುಕೊಂಡರೆ ಮೋಡದ ದಿನದಲ್ಲೂ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಪ್ರಮಾಣ) 400ರಿಂದ 800ರೊಳಗೆ ಕೆಲಸ ಮುಗಿಯುತ್ತದೆ. ಜಗಲಿಯ ಹಳದಿ ಬಲ್ಬನ್ನು ಮರೆಯದೆ ಆರಿಸಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಅದರ ಬೆಳಕು ಸುಮಾರು 2700, ಮೋಡದ ಬೆಳಕು ಸುಮಾರು 6500. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಹಳದಿಯಾಗಿ, ಇನ್ನೊಂದು ನೀಲಿಯಾಗುತ್ತದೆ.

ಇನ್ನು ಅಜ್ಜಿಯ ಚಿತ್ರ. ನಿಮ್ಮದರಂಥ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.8ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು 12 ಸೆಂ.ಮೀ., ಅಂದರೆ ಅರ್ಧ ಗೇಣು. ತೊಡೆಯ ಮೇಲೆ ಕುಳಿತ ಮಗು ಅದಕ್ಕಿಂತ ಮುಂದಿರುತ್ತದೆ. ಅಪರ್ಚರನ್ನು 5.6ಕ್ಕೆ ಕಿರಿದಾಗಿಸಿದರೆ ಒಂದೂವರೆ ಗೇಣು ಸಿಗುತ್ತದೆ. ಮಗುವಿನ ಕೆನ್ನೆಯನ್ನು ಅಜ್ಜಿಯ ಕೆನ್ನೆಗೆ ಒರಗಿಸಿದರೆ ಅದು ಧಾರಾಳವಾಗಿ ಸಾಕು. ಅಜ್ಜಿಯನ್ನು ತೊಟ್ಟಿಯ ನಡುವೆ ಕೂರಿಸಬೇಡಿ. ನೆತ್ತಿಯ ಮೇಲಿನಿಂದ ಬೀಳುವ ಬೆಳಕಿಗೆ ಕಣ್ಣುಗಳು ಗುಳಿಯಾಗಿ ಕಾಣುತ್ತವೆ. ಪಡಸಾಲೆಯ ಕಂಬದಿಂದ ಒಂದು ಮೊಳ ಒಳಗೆ, ತೊಟ್ಟಿಗೆ ಮುಖ ಮಾಡಿ ಕೂರಿಸಿ, ಎದುರಿನ ನೆಲದ ಮೇಲೆ ಬಿಳಿ ಥರ್ಮೋಕೋಲ್ ಹಲಗೆಯೊಂದನ್ನು ಇಡಿ. ಕನ್ನಡಕವನ್ನು ತೆಗೆಸುವುದು ನನಗೆ ಒಪ್ಪಿಗೆಯಿಲ್ಲ, ಅದಿಲ್ಲದ ಅಜ್ಜಿಯ ಮುಖ ಮಕ್ಕಳಿಗೇ ಹೊಸದಾಗಿ ಕಾಣುತ್ತದೆ. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಅರ್ಧ ಬೆರಳಿನಷ್ಟು ಮೇಲಕ್ಕೆತ್ತಿದರೆ ಗಾಜು ಸ್ವಲ್ಪ ಕೆಳಮುಖವಾಗಿ, ಹೊಳಪು ಕ್ಯಾಮೆರಾದಿಂದ ತಪ್ಪಿಹೋಗುತ್ತದೆ. ಆಗ ನೆಲದ ಥರ್ಮೋಕೋಲ್ ಗಾಜಿನಲ್ಲಿ ಕಂಡರೆ ಅದನ್ನು ಪಕ್ಕಕ್ಕೆ ಸರಿಸಿ.

ಈ ಪ್ರಯೋಗಗಳನ್ನೆಲ್ಲ ಅಜ್ಜಿಯನ್ನು ಕೂರಿಸಿಕೊಂಡು ಮಾಡಬೇಡಿರೆಂದು ಕೇಳಿಕೊಳ್ಳುತ್ತೇನೆ. ನನ್ನ ತಾಯಿಯವರ ಚಿತ್ರಕ್ಕಾಗಿ ದೀಪ ಸರಿಪಡಿಸುವುದರಲ್ಲೇ ನಾನು ಮುಕ್ಕಾಲು ಗಂಟೆ ಕಳೆದಿದ್ದೆ. ಬೆಳಕು ಚೆನ್ನಾಗಿಯೇ ಬಂತು. ಅವರ ಮುಖದಲ್ಲಿ ಉಳಿದದ್ದು ಆಯಾಸ ಮಾತ್ರ, ಆ ಚಿತ್ರವನ್ನು ನೋಡಿದಾಗಲೆಲ್ಲ ಈಗಲೂ ನೋವಾಗುತ್ತದೆ. ಅಟ್ಟದಿಂದ ಏಣೇಣಾದ ಒಂದು ಸಿಹಿಗುಂಬಳ ಇಳಿಸಿ, ಅಜ್ಜಿ ಕೂರುವ ಕುರ್ಚಿಯ ಮೇಲೆ ಮುಖದ ಎತ್ತರಕ್ಕೆ ಇಟ್ಟು, ಬೆಳಿಗ್ಗೆ ಎಂಟರಿಂದ ಗಂಟೆಗೊಂದು ಚಿತ್ರ ತೆಗೆಯಿರಿ. ಏಣುಗಳ ನಡುವಿನ ನೆರಳು ಯಾವ ಹೊತ್ತಿಗೆ ಕಪ್ಪಗಿದೆ, ಯಾವ ಹೊತ್ತಿಗೆ ತೆಳುವಾಗಿ ಹರಡಿದೆ ಎಂಬುದು ಸಂಜೆಯೊಳಗೆ ಕಾಣುತ್ತದೆ. ಹಬ್ಬದ ದಿನ ಅದೇ ಹೊತ್ತಿಗೆ ಅಜ್ಜಿಯನ್ನು ಕರೆಯಿರಿ. ಹತ್ತು ನಿಮಿಷದಲ್ಲಿ ಬಿಟ್ಟುಬಿಡಿ.

ಪ್ರಶ್ನೆ: ಮಗಳ ಮತ್ತು ಮೊಮ್ಮಕ್ಕಳ ಚಿತ್ರಗಳನ್ನು ಮನೆಯಲ್ಲೇ ತೆಗೆಯಲು ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ಕ್ಯಾಮೆರಾ, ಫ್ಲಾಶ್ ಎರಡೂ ಇವೆ. ಹೊಸ ಕ್ಯಾಮೆರಾ ಕೊಳ್ಳಲೇ, ದೀಪಗಳನ್ನು ಕೊಳ್ಳಲೇ?
— ಓದುಗರು, ಹಾಸನ

ಉತ್ತರ: ಫ್ಲಾಶಿಗೊಂದು ಸ್ಟ್ಯಾಂಡ್, ಅದರ ಬೆಳಕನ್ನು ಹರಡುವ ಒಂದು ಬಿಳಿ ಕೊಡೆ, ತಂತಿಯಿಲ್ಲದೆ ಅದನ್ನು ದೂರದಿಂದ ಹೊತ್ತಿಸುವ ಒಂದು ರೇಡಿಯೋ ಟ್ರಿಗರ್ ಕೊಳ್ಳಿರಿ. ಫ್ಲಾಶ್ ಕ್ಯಾಮೆರಾದ ತಲೆಯಿಂದ ಇಳಿದು ಮಗುವಿನ ಒಂದು ಪಕ್ಕಕ್ಕೆ, ಕಣ್ಣಿಗಿಂತ ಸ್ವಲ್ಪ ಮೇಲಕ್ಕೆ ಬಂದಾಗ ಮುಖಕ್ಕೆ ಉಬ್ಬುತಗ್ಗು ಬರುತ್ತದೆ. ಇದನ್ನು ಕಲಿಯಲು ಬಿಡುವಾದಾಗ ಬೇಲೂರಿಗೆ ಹೋಗಿ ಬನ್ನಿ. ದೇವಾಲಯದ ಹೊರಗೋಡೆಯ ಆನೆಗಳ ಸಾಲಿನ ಮೇಲೆ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುವಾಗ ಒಂದೊಂದು ಕಾಲೂ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತದೆ. ಸೂರಿನ ಕೆಳಗಿನ ಮದನಿಕೆಯರಿಗೆ ಅಂಗಳದ ಕಲ್ಲುಹಾಸಿನಿಂದ ಚಿಮ್ಮಿದ ಬೆಳಕು ಕೆಳಗಿನಿಂದ ಬಂದು ತಾಗುತ್ತದೆ. ಪಕ್ಕದ ಕೊಡೆ, ಕೆಳಗಿನ ಬಿಳಿ ಹಲಗೆ ಮಾಡುವ ಕೆಲಸವೂ ಅದೇ. ಟ್ರಿಗರ್ ಬಳಸುವಾಗ ಷಟರನ್ನು 1/160ಕ್ಕಿಂತ ವೇಗವಾಗಿ ಇಡಬೇಡಿ. ಕ್ಯಾಮೆರಾದ ಮಿತಿ ದಾಟಿದರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ.

ಪ್ರಶ್ನೆ: ಈ ಮಳೆಗಾಲದಲ್ಲಿ ನನ್ನ ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು ಕಾಣಿಸಿವೆ. ಒರೆಸಿದರೆ ಹೋಗುತ್ತಿಲ್ಲ.
— ಓದುಗರು, ಕಳಸ

ಉತ್ತರ: ಅದು ಬೂಷ್ಟು, ಗಾಜುಗಳ ನಡುವೆ ಬೆಳೆದಿರುವುದರಿಂದ ಹೊರಗಿನಿಂದ ಒರೆಸಿ ಫಲವಿಲ್ಲ. ಬೇಗನೆ ಬಿಚ್ಚಿ ಶುಚಿ ಮಾಡಿಸಿದರೆ ಉಳಿಯುತ್ತದೆ, ತಡವಾದರೆ ಗಾಜಿನ ಮೇಲಿನ ಲೇಪನವನ್ನೇ ತಿಂದು ಕಲೆಯಾಗಿ ನಿಲ್ಲುತ್ತದೆ. ಮುಂದಿನ ಜೂನ್‌ನಿಂದ ಚರ್ಮದ ಚೀಲವನ್ನು ಬಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮಾಪಕದೊಂದಿಗೆ ಇಡಿ. ತೇವಾಂಶ ಶೇಕಡ 40ರಿಂದ 50ರ ನಡುವೆ ಇರಲಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಅಡುಗೆಗೆ ಬಳಸುವ ಬಾಣಲೆಯಲ್ಲಿ ಮಾತ್ರ ಅದನ್ನು ಮಾಡಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಕೆಲವರು ಕ್ಯಾಮೆರಾವನ್ನು ಅಲ್ಲಿಡುತ್ತಾರೆ. ಹೊಗೆಯ ಜಿಡ್ಡು ಗಾಜಿಗೆ ಅಂಟಿಕೊಳ್ಳುತ್ತದೆ, ಅಲ್ಲಿ ಬೇಡ.